ಹದಿನೇಳರ ಭಾಷಣದಲ್ಲಿ ಹದಿನೆಂಟರ ಮಾತೂ ಬರಲಿ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳಿಗೆ,

ಹೈದರಾಬಾದ್ ಸಂಸ್ಥಾನ ನಿಜಾಮನಿಂದ ಬಿಡುಗಡೆಯಾದ ಸೆಪ್ಟೆಂಬರ್ 17 ಬಂತೆಂದರೆ ಕಲಬುರಗಿಗೆ ಮುಖ್ಯಮಂತ್ರಿಗಳು ಬರುತ್ತಾರೆ. ಸರ್ದಾರ್ ಪಟೇಲರ ಪ್ರತಿಮೆಗೆ ಹಾರ, ಆಮೇಲೆ ಧ್ವಜಾರೋಹಣ, ಆಮೇಲೆ ಭಾಷಣ. ಆ ಕುರ್ಚಿಯಲ್ಲಿ ಕುಳಿತವರು ಯಾವ ಪಕ್ಷದವರೇ ಆಗಿರಲಿ, ಭಾಷಣದ ಅಚ್ಚು ಮಾತ್ರ ಒಂದೇ. ಇತಿಹಾಸಕ್ಕೆ ಎರಡು ಪ್ಯಾರಾ, ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ)ಗೆ ಒಂದು ಪ್ಯಾರಾ, ಉಳಿದದ್ದು ಅನುದಾನದ ಲೆಕ್ಕ. ಆ ಎರಡು ಪ್ಯಾರಾಗಳ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಅವುಗಳಲ್ಲಿ ನಿಜಾಮನ ವಿರುದ್ಧ ಹೋರಾಡಿದ ಸ್ವಾಮಿ ರಮಾನಂದ ತೀರ್ಥರು ಬರುತ್ತಾರೆ, ಸರದಾರ ಶರಣಗೌಡ ಇನಾಂದಾರರು, ಅಳವಂಡಿ ಶಿವಮೂರ್ತಿಸ್ವಾಮಿಗಳು, ಪುಂಡಲೀಕಪ್ಪ ಜ್ಞಾನಮೋಠೆಯವರು ಬರುತ್ತಾರೆ. ಬರಲೇಬೇಕು. 1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಏರಿಸುತ್ತಿದ್ದಾಗ ನಿಜಾಮನ ಆಳ್ವಿಕೆಯ ನಮ್ಮ ಮೊಗಲಾಯಿಯಲ್ಲಿ ಅದನ್ನು ಏರಿಸುವುದೇ ಅಪರಾಧವಾಗಿತ್ತು. ರಮಾನಂದ ತೀರ್ಥರನ್ನು ಬಂಧಿಸಿದ್ದೂ ಆ ದಿನವೇ. ಮುಂದೆ ಹದಿಮೂರು ತಿಂಗಳು ಏನಾಯಿತೆಂಬುದನ್ನು ನಿಮ್ಮ ಭಾಷಣ ಹೇಳುತ್ತದೆ: ಕಾಸಿಂ ರಜ್ವಿ, ಅವನ ಖಾಸಗಿ ಪಡೆಯಾದ ರಜಾಕಾರರ ಹಾವಳಿ, ಹೋರಾಟಗಾರರ ಗಡಿ ಶಿಬಿರಗಳು, 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂದದ್ದು, 17ಕ್ಕೆ ನಿಜಾಮ ಸೋಲೊಪ್ಪಿದ್ದು. ಅಲ್ಲಿಗೆ ಪರದೆ ಬೀಳುತ್ತದೆ. ನಮ್ಮೂರಿನಲ್ಲಿ ಅದು ಅಲ್ಲಿಗೆ ಮುಗಿಯಲಿಲ್ಲ.

ನಮ್ಮ ಮನೆಯ ಜಂತಿಗೆ ಒಂದು ಬಿಲ್ಲು ತೂಗುಹಾಕಿದೆ. ಬಾಣದ ಬಿಲ್ಲಲ್ಲ, ಹತ್ತಿ ಹಿಂಜುವ ಬಿಲ್ಲು. ಆಳುದ್ದದ ಮರದ ದಂಡ, ಒಂದು ತುದಿಗೆ ಅಗಲವಾದ ಹಲಗೆ, ಎಂದೋ ಹರಿದು ಸುರುಳಿ ಸುತ್ತಿಕೊಂಡ ನರದ ತಂತಿ. ಅದನ್ನು ಬಡಿಯುವ ಕೊಡತಿ ಮಾತ್ರ ಎಲ್ಲಿ ಹೋಯಿತೋ ತಿಳಿಯದು. ಅದು ನಮ್ಮ ಪಕ್ಕದ ಮನೆಯ ಪಿಂಜಾರ ಮುದುಕನದು. ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಊರಿನ ಗಾದಿಗಳೆಲ್ಲ ಅವನ ಅಂಗಳಕ್ಕೆ ಹೋಗುತ್ತಿದ್ದವಂತೆ. 1948ರ ಚಳಿಗಾಲದಲ್ಲಿ ಗಾದಿ ಹಿಂಜುವವರಿರಲಿಲ್ಲ. ಗಂಟುಗಟ್ಟಿದ ಹತ್ತಿಯ ಮೇಲೆಯೇ ಮಲಗಿದೆವು ಎಂದು ಅಜ್ಜಿ ಹೇಳುತ್ತಿದ್ದಳು. ಇಷ್ಟನ್ನು ಹೇಳುವುದಕ್ಕೂ ಅವಳಿಗೆ ನಲವತ್ತು ವರ್ಷ ಬೇಕಾಯಿತು.

ಆ ವರ್ಷದ ಬೇಸಿಗೆಯಲ್ಲಿ ರಜಾಕಾರರ ತಂಡವೊಂದು ನಮ್ಮೂರಿಗೆ ಬಂತು. ಹಗೇವು ತೆಗೆಸಿ ಜೋಳ ಹೊತ್ತರು. ತಡೆಯಲು ಹೋದ ಅಜ್ಜಿಯ ತಮ್ಮನನ್ನು ಊರ ಬುರುಜಾದ ಹುಡೇವಿನ ಬುಡದಲ್ಲಿ ಕೊಂದರು. ಆ ತಂಡದಲ್ಲಿ ಖಾಕಿ ತೊಟ್ಟ ಪಿಂಜಾರನ ಹಿರಿಯ ಮಗನಿದ್ದ. ಅದೇ ಹೊತ್ತಿಗೆ ಅವನ ಅಪ್ಪ, ಆ ಪಿಂಜಾರ, ನಮ್ಮ ಅಜ್ಜಿಯನ್ನೂ ಎರಡು ಮಕ್ಕಳನ್ನೂ ತನ್ನ ಕೋಣೆಯ ಹತ್ತಿಯ ರಾಶಿಯ ಹಿಂದೆ ಕೂರಿಸಿ, ಬಾಗಿಲಲ್ಲಿ ಕುಳಿತು ಬಿಲ್ಲು ಬಡಿಯುತ್ತಿದ್ದ. ಒಳಗೆ ಮಗು ಅತ್ತರೆ ಹೊರಗೆ ಕೇಳಿಸಬಾರದೆಂದು. ನನ್ನ ಅಜ್ಜ ಆಗ ಗಡಿಯಾಚೆ, ಸೊಲ್ಲಾಪುರದ ಕಡೆ ಇದ್ದ.

ಸೇನೆ ಬಂದು ಹೋದ ಮೇಲೆ ಅಜ್ಜ ಮರಳಿದ. ಮಗ ಹೈದರಾಬಾದಿಗೆ ಓಡಿಹೋಗಿದ್ದ. ಉಳಿದವನು ಮುದುಕ. ಹೊರಗಿನಿಂದ ಜನ ಬಂದರು, ಊರಿನವರೂ ಸೇರಿಕೊಂಡರು. ಮುದುಕ ಉಳಿಯಲಿಲ್ಲ. ಆ ದಿನ ಅಜ್ಜ ಎಲ್ಲಿದ್ದ ಎಂದು ಒಮ್ಮೆ ಕೇಳಿದೆ. ಅಜ್ಜಿ ತೊಗರಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಎದ್ದು ಒಳಗೆ ಹೋದಳು. ಸಂಜೆಯವರೆಗೆ ಬರಲಿಲ್ಲ.

ನಮ್ಮ ಹೊಲದ ಮೂಡಣ ತುಂಡಿಗೆ ಇಂದಿಗೂ ಆಳುಗಳು ‘ಪಿಂಜಾರರ ಹೊಲ’ ಎನ್ನುತ್ತಾರೆ. ಪಹಣಿಯಲ್ಲಿ ನಮ್ಮ ಹೆಸರಿದೆ. ಅವರು ಮಾರಿದರು ಎಂದು ಅಜ್ಜ ಹೇಳುತ್ತಿದ್ದ. ಮಾರಿದರೆಂದು ಬರೆಸಿಕೊಂಡರು ಎಂದು ಅಜ್ಜಿ ಹೇಳುತ್ತಿದ್ದಳು, ಅದೂ ಅಜ್ಜ ತೀರಿಕೊಂಡ ಮೇಲೆ.

ಇದು ಒಂದು ಮನೆಯ ಕಥೆ ಎಂದು ನೀವು ತಳ್ಳಿಹಾಕಬಹುದು. ಹಾಗಾದರೆ ಸರ್ಕಾರವೇ ಮಾಡಿದ ಲೆಕ್ಕ ನೋಡಿ. 1948ರ ಕೊನೆಯಲ್ಲಿ ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಹೈದರಾಬಾದ್ ಸಂಸ್ಥಾನಕ್ಕೆ ಕಳುಹಿಸಿದರು. ಹದಿನಾರು ಜಿಲ್ಲೆಗಳ ಪೈಕಿ ಒಂಬತ್ತನ್ನು ಸುತ್ತಿದ ಅವರು, ಸೇನೆ ಒಳಬಂದ ಆ ‘ಪೊಲೀಸ್ ಕಾರ್ಯಾಚರಣೆ’ಯ ವೇಳೆ ಮತ್ತು ಅದರ ನಂತರ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿದರು. ಅತಿ ಹೆಚ್ಚು ಸಾವು ಕಂಡ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು: ಗುಲ್ಬರ್ಗಾ ಮತ್ತು ಬೀದರ. ಉಸ್ಮಾನಾಬಾದ್, ನಾಂದೇಡ್ ಉಳಿದೆರಡು. ಹೆಣಗಳು ತುಂಬಿದ ಬಾವಿಗಳನ್ನು ಅವರು ಕಣ್ಣಾರೆ ಕಂಡು ಬರೆದಿದ್ದಾರೆ. ಅಂಕಿಯನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ, ಚರ್ಚೆಯಾಗಲಿ. ಆದರೆ ವರದಿಯನ್ನೇ ದಶಕಗಳ ಕಾಲ ಪ್ರಕಟಿಸದೆ ಇಟ್ಟುಕೊಂಡರೆ ಚರ್ಚೆ ಎಲ್ಲಿಂದ ಬರಬೇಕು?

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ನಿಂತು, ಪ್ರಾಣ ಕೊಟ್ಟೂ ಅವರನ್ನು ಕಾಪಾಡಿದರಂತೆ. ಒಂದೇ ಕಸುಬಿನವರು. ಆ ನೇಕಾರರ ಹೆಸರು ಯಾವ ಸ್ಮಾರಕದಲ್ಲಿಯೂ ಇಲ್ಲ. ಸ್ವಾತಂತ್ರ್ಯ ಹೋರಾಟಗಾರರ ಪಟ್ಟಿಯಲ್ಲಿ ಅವರಿಗೆ ಕಾಲಂ ಕೂಡ ಇರಲಾರದು.

ಇಲ್ಲಿ ಒಂದು ಸ್ಪಷ್ಟನೆ ಕೊಡಲೇಬೇಕು, ಇಲ್ಲದಿದ್ದರೆ ಈ ಪತ್ರವನ್ನು ಅರ್ಧ ಓದಿ ಕತ್ತರಿಸಿ ಹಂಚುವವರಿದ್ದಾರೆ. ರಜಾಕಾರರ ಕ್ರೌರ್ಯವನ್ನು ನಾನು ತೆಳುವಾಗಿಸುತ್ತಿಲ್ಲ. ನಮ್ಮ ಮನೆಯಲ್ಲಿಯೇ ಒಂದು ಹೆಣ ಬಿದ್ದಿದೆ. 1948ರ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೊರಟಾದಲ್ಲಿ ನಡೆದ ಕಗ್ಗೊಲೆಯಲ್ಲಿ ಇನ್ನೂರರಷ್ಟು ಜನ ಸತ್ತರು ಎನ್ನಲಾಗುತ್ತದೆ. ಅಲ್ಲಿಗೆ ಸ್ಮಾರಕ ಬರಲು ನಮಗೆ ಎಷ್ಟು ದಶಕ ಹಿಡಿಯಿತು ಎಂಬುದೇ ನಾಚಿಕೆಯ ಮಾತು. ಮಲ್ಲಿಕಾರ್ಜುನ ಖರ್ಗೆಯವರ ತಾಯಿ ಮತ್ತು ಸಹೋದರಿ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಗೆ ಬಲಿಯಾದದ್ದು ಎಲ್ಲರಿಗೂ ತಿಳಿದಿದೆ. ಗೊರಟಾದ ಹೆಸರೆತ್ತಿದರೆ ಮತ ಕೈತಪ್ಪುತ್ತದೆ ಎಂದು ಒಂದು ಪಕ್ಷ ದಶಕಗಟ್ಟಲೆ ಗಂಟಲು ಸರಿಪಡಿಸಿಕೊಳ್ಳುತ್ತ ಕಾಲ ಕಳೆಯಿತು. ಗೊರಟಾ ಒಂದನ್ನೇ ಎತ್ತಿದರೆ ಮತ ಬೀಳುತ್ತದೆ ಎಂದು ಇನ್ನೊಂದು ಪಕ್ಷ ಕಂಡುಕೊಂಡಿತು. ನಮ್ಮ ಸತ್ತವರನ್ನು ಇಬ್ಬರೂ ಸೇರಿ ಪಾಲು ಮಾಡಿಕೊಂಡಿದ್ದಾರೆ.

ಆ ಕಾಲವೋ, ಇಷ್ಟು ಸರಳ ಪಾಲಿಗೆ ಸಿಕ್ಕುವಂಥದ್ದಲ್ಲ. ಸಂಸ್ಥಾನ ಭಾರತಕ್ಕೆ ಸೇರಲಿ ಎಂದು ಬರೆದದ್ದಕ್ಕೆ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್ 22ರಂದು ಹೈದರಾಬಾದಿನಲ್ಲಿ ಕಡಿದು ಕೊಂದರು. ಅತ್ತ ಕೊನೆಯ ಗಳಿಗೆಯವರೆಗೂ ನಿಜಾಮನ ಸಂಪುಟದಲ್ಲಿ ಉಪಪ್ರಧಾನಿಯಾಗಿದ್ದವರು ಪಿಂಗಳೆ ವೆಂಕಟರಾಮ ರೆಡ್ಡಿ. ಇನ್ನು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್? ಅವರು 1950ರಲ್ಲಿ ಹೈದರಾಬಾದ್ ರಾಜ್ಯದಲ್ಲಿ ರಾಜ್ಯಪಾಲರ ಸ್ಥಾನದ ರಾಜಪ್ರಮುಖರಾಗಿ, 1956ರವರೆಗೂ ಆ ಹುದ್ದೆಯಲ್ಲಿದ್ದರು. ಕಾಸಿಂ ರಜ್ವಿ ಜೈಲು ಮುಗಿಸಿಕೊಂಡು 1957ರಲ್ಲಿ ಪಾಕಿಸ್ತಾನಕ್ಕೆ ಹೋದ. ಲೆಕ್ಕ ಚುಕ್ತಾ ಮಾಡಿದ್ದು ಪಿಂಜಾರ ಮುದುಕನಂಥವರು.

ಹೆಸರಿನ ವಿಷಯಕ್ಕೂ ಒಂದು ಮಾತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ಒಳ್ಳೆಯ ಹೆಸರು. ಆದರೆ ಕಲ್ಯಾಣ ಎಂದೊಡನೆ ಅನುಭವ ಮಂಟಪ ನೆನಪಾಗುವ ನಮಗೆ, ಕಲ್ಯಾಣದ ಬೀದಿಯಲ್ಲಿ ಎಳೆಹೂಟೆಯಾದದ್ದು, ಶರಣರು ಉಳವಿಯ ದಾರಿ ಹಿಡಿದದ್ದು ಕೂಡ ನೆನಪಾಗಬೇಕಲ್ಲವೇ? ಅದನ್ನು ಎಂಟು ಶತಮಾನದಿಂದ ಹಾಡಿಕೊಂಡು ಬಂದಿದ್ದೇವೆ, ಯಾರೂ ಗಾಯ ಕೆದಕಬೇಡಿ ಎನ್ನಲಿಲ್ಲ. 1948ರ ಮಾತಿಗೆ ಮಾತ್ರ ಏಕೆ ಹೆದರಬೇಕು?

ನಮ್ಮೂರಿನಲ್ಲಿ ಈಗ ಒಂದೂ ಮುಸ್ಲಿಂ ಮನೆಯಿಲ್ಲ. ಆದರೂ ಮೊಹರಂ ಬಂದರೆ ಅಲಾಯಿ ಕುಣಿ ತೋಡುತ್ತಾರೆ, ಪಕ್ಕದ ಊರಿನಿಂದ ಮುಲ್ಲಾ ಬರುತ್ತಾನೆ, ಪೀರ ದೇವರು ಏಳುತ್ತವೆ, ನಮ್ಮ ಹುಡುಗರೇ ಹೆಜ್ಜೆ ಹಾಕುತ್ತಾರೆ. ಇದನ್ನು ಸೌಹಾರ್ದದ ಸುಂದರ ಚಿತ್ರವೆಂದು ಪತ್ರಿಕೆಗಳು ಅಚ್ಚು ಮಾಡುತ್ತವೆ. ಮನೆಗಳೇಕೆ ಇಲ್ಲ ಎಂದು ಫೋಟೊ ತೆಗೆಯಲು ಬಂದ ಯಾರೂ ಕೇಳಿಲ್ಲ.

ನಾನು ಕೇಳುವುದು ಅನುದಾನವಲ್ಲ. ಮುಂದಿನ ಹದಿನೇಳರ ಭಾಷಣದಲ್ಲಿ ಗೊರಟಾದ ಹೆಸರನ್ನು ಹೇಳಿ, ಅದೇ ಉಸಿರಿನಲ್ಲಿ ಹದಿನೇಳರ ನಂತರ ಸತ್ತವರನ್ನೂ ನೆನೆಯಿರಿ. ಸುಂದರಲಾಲ್ ಸಮಿತಿಯ ವರದಿಯನ್ನು ಕನ್ನಡಕ್ಕೆ ತರಿಸಿ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಇಡಿಸಿ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಅದಕ್ಕೂ ಜಾಗವಿದೆ. ಇನ್ನೊಂದು ಕೆಲಸಕ್ಕೆ ಸಮಯವೇ ಇಲ್ಲ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಎರಡೂ ಕಡೆಯ ಮನೆಗಳಿಗೆ, ಗಡಿ ದಾಟಿ ಹೋದವರ ಮಕ್ಕಳಿರುವ ಹೈದರಾಬಾದಿಗೂ ಸೊಲ್ಲಾಪುರಕ್ಕೂ, ವಿಶ್ವವಿದ್ಯಾಲಯದ ಹುಡುಗ ಹುಡುಗಿಯರನ್ನು ಧ್ವನಿಮುದ್ರಣದ ಯಂತ್ರ ಕೊಟ್ಟು ಕಳುಹಿಸಿ. ಜಿಲ್ಲಾ ಕೇಂದ್ರದಲ್ಲಿ ಒಂದು ದಾಖಲಾಗಾರ ತೆರೆಯಿರಿ. ಶಿಕ್ಷೆಗಲ್ಲ, ಶಿಕ್ಷೆಗೆ ಯಾರೂ ಉಳಿದಿಲ್ಲ.

ದಾಖಲಾಗಾರ ತೆರೆದ ದಿನ ನಾನು ಬಿಲ್ಲನ್ನು ಹೊತ್ತುಕೊಂಡು ಬರುತ್ತೇನೆ. ಮುದುಕನ ಮೊಮ್ಮಕ್ಕಳು ಹೈದರಾಬಾದಿನಲ್ಲಿ ಗಾದಿ ಅಂಗಡಿ ಇಟ್ಟಿದ್ದಾರೆಂದು ಯಾರೋ ಹೇಳಿದರು. ಹುಡುಕಿಕೊಂಡು ಹೋಗುವ ಧೈರ್ಯ ನನಗೆ ಬಂದಿಲ್ಲ. ಪಹಣಿಯ ಪ್ರತಿಯನ್ನೂ ತರುತ್ತೇನೆ. ಎರಡನ್ನೂ ಯಾವ ಕಾಲಂನಲ್ಲಿ ಬರೆದುಕೊಳ್ಳಬೇಕೆಂದು ನಿಮ್ಮ ಅಧಿಕಾರಿಗಳು ಅಷ್ಟರೊಳಗೆ ತೀರ್ಮಾನಿಸಿರಲಿ.

ಇಂತಿ,
ಕಲಬುರಗಿ ಜಿಲ್ಲೆಯ ಒಬ್ಬ ರೈತ