ಗೊಂಬೆಯ ಮೇಲೆ ಕಲಿತ ಕೈಗೆ ಸರ್ಟಿಫಿಕೇಟ್ ಬೇಡ: ಕೌಶಲ್ಯಾಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ರೋಗಿಯ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಇಡುವುದು ಇವೆಲ್ಲ ಮಾಡುವವರಿಗೆ ಕೌಶಲ್ಯ ತರಬೇತಿಯ ಕಾಗದಗಳಲ್ಲಿ 'ಜನರಲ್ ಡ್ಯೂಟಿ ಅಸಿಸ್ಟೆಂಟ್' ಎಂಬ ಹೆಸರಿದೆ. ವಾರ್ಡಿನಲ್ಲಿ ಜಿಡಿಎ ಅನ್ನುತ್ತಾರೆ, ಹಳಬರು ಆಯಾ ಅನ್ನುತ್ತಾರೆ, ಮನೆಗೆ ಬಂದರೆ ಇವರೇ 'ಹೋಮ್ ನರ್ಸ್'. ಹಾಸಿಗೆ ಹಿಡಿದವರ ಮೈಯನ್ನು ದಿನದಲ್ಲಿ ಅತಿ ಹೆಚ್ಚು ಸಲ ಮುಟ್ಟುವ ಕೈ ಇವರದು. ಈ ಕೆಲಸ ಕಲಿಸುವ ನರ್ಸುಗಳಾದ ನಾವು ಕೇಳುವುದು ಇಷ್ಟೇ: ನಿಜವಾದ ರೋಗಿಯ ಪಕ್ಕದಲ್ಲಿ, ನರ್ಸ್ ಕಣ್ಣೆದುರು ಮಾಡಿ ತೋರಿಸದ ಯಾರಿಗೂ ಸರ್ಟಿಫಿಕೇಟ್ ಕೊಡಬೇಡಿ.

ತರಬೇತಿ ಕೇಂದ್ರದಲ್ಲಿ ಒಂದು ಮಂಚ, ಅದರ ಮೇಲೊಂದು ಪ್ಲಾಸ್ಟಿಕ್ ಗೊಂಬೆ ಇರುತ್ತದೆ. ಬೆಡ್‌ಶೀಟ್ ಹಾಸುವುದನ್ನು ಅದರ ಮೇಲೆ ಚೆನ್ನಾಗಿಯೇ ಕಲಿಯಬಹುದು. ಆದರೆ ಗೊಂಬೆಯ ಚರ್ಮ ಬಣ್ಣಗೆಡುವುದಿಲ್ಲ, ಗಂಟಲಿಗೆ ಅನ್ನ ಸಿಕ್ಕುವುದಿಲ್ಲ, ಎದ್ದು ನಿಂತಾಗ ತಲೆ ಸುತ್ತುವುದಿಲ್ಲ. ರೋಗಿಗೆ ಪೆಟ್ಟಾಗುವುದು ಈ ಮೂರು ಕಡೆಯೇ.

ಮೊದಲು ಚರ್ಮ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಹೇಗೆ ಎಂದು ಕೇಳಿದರೆ ತಡವರಿಸುತ್ತಾರೆ. ಕೆಳಕ್ಕೆ ಜಾರಿದ ರೋಗಿಯನ್ನು ಕಂಕುಳಿಗೆ ಕೈಹಾಕಿ ಮೇಲಕ್ಕೆ ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತದೆ, ಒಳಗಿನ ಮೂಳೆ ಮಾತ್ರ ಸರಿಯುತ್ತದೆ. ಬೆಡ್ ಸೋರ್, ಅಂದರೆ ಮಲಗಿಯೇ ಆಗುವ ಹುಣ್ಣು, ಎಷ್ಟೋ ಸಲ ಶುರುವಾಗುವುದು ಆ ಎಳೆತದಿಂದ. ಇಬ್ಬರು ನಿಂತು, ಸೊಂಟದಡಿ ಹಾಸಿದ ಅಡ್ಡ ಬಟ್ಟೆಯನ್ನು ಹಿಡಿದು ಎತ್ತಿ ಸರಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸದೆ ಸುಮಾರು 30 ಡಿಗ್ರಿ ಓರೆಯಾಗಿ ಮಲಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಡಿ ಇನ್ನೊಂದು ಇಡಬೇಕು. ಹುಣ್ಣಿನ ಮೊದಲ ಗುರುತು ಕೆಂಪು ಎಂದು ಪುಸ್ತಕ ಹೇಳುತ್ತದೆ. ನಮ್ಮವರ ಕಪ್ಪು, ಎಣ್ಣೆಗೆಂಪು ಮೈಬಣ್ಣದಲ್ಲಿ ಆ ಕೆಂಪು ಕಾಣುವುದೇ ಅಪರೂಪ. ಸುತ್ತಲಿಗಿಂತ ಕಪ್ಪಾಗಿ ಅಥವಾ ನೇರಳೆಯಾಗಿ ಕಾಣುತ್ತದೆ, ಕೈಹಿಂಬದಿಯಿಂದ ಮುಟ್ಟಿದರೆ ಬಿಸಿ, ಒತ್ತಿದರೆ ಗಟ್ಟಿ ಅಥವಾ ಮೆತ್ತಗೆ. ಇದನ್ನು ಬೆರಳಿಗೇ ಕಲಿಸಬೇಕು, ಚಿತ್ರ ತೋರಿಸಿ ಆಗುವ ಮಾತಲ್ಲ. ಅಂಥ ಜಾಗಕ್ಕೆ ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ತಿಕ್ಕುವ ಹಳೆಯ ಅಭ್ಯಾಸ ಇನ್ನೂ ಹೋಗಿಲ್ಲ. ತಿಕ್ಕಿದಷ್ಟೂ ಒಳಗಿನ ಮಾಂಸ ಹಾಳಾಗುತ್ತದೆ.

ಎರಡನೆಯದು ಊಟ. ಲಕ್ವ ಹೊಡೆದವರಿಗೆ ಗಂಜಿಗಿಂತ ನೀರು ಹೆಚ್ಚು ಅಪಾಯ, ತೆಳ್ಳಗಿರುವುದು ಬೇಗ ಶ್ವಾಸನಾಳಕ್ಕೆ ಇಳಿಯುತ್ತದೆ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಅರ್ಧ ಟೀ ಚಮಚದಷ್ಟು ಕೊಟ್ಟು, ನುಂಗಿದ್ದನ್ನು ಗಂಟಲು ನೋಡಿ ಖಚಿತ ಮಾಡಿಕೊಂಡು ಮುಂದಿನ ತುತ್ತು. ಸೋತ ಬದಿಯ ಕೆನ್ನೆಯೊಳಗೆ ಅನ್ನ ಉಳಿದಿರುತ್ತದೆ, ಬಾಯಿ ತೆರೆಸಿ ನೋಡಬೇಕು. ಮುಗಿದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಕೆಮ್ಮಿದರೆ ಅಥವಾ ದನಿ ಗೊರಗೊರ ಅಂದರೆ ಅಲ್ಲಿಗೇ ನಿಲ್ಲಿಸಿ ನರ್ಸನ್ನು ಕರೆಯಬೇಕು. ಕೆಲವರು ಕೆಮ್ಮುವುದೂ ಇಲ್ಲ, ತುತ್ತು ಶ್ವಾಸನಾಳಕ್ಕೆ ಇಳಿದದ್ದು ಮರುದಿನ ಜ್ವರ ಬಂದಾಗಲೇ ಗೊತ್ತಾಗುವುದು.

ಮೂರನೆಯದು ಮಂಚದಿಂದ ವೀಲ್‌ಚೇರಿಗೆ ದಾಟಿಸುವುದು. ಕುರ್ಚಿ ರೋಗಿಯ ಗಟ್ಟಿ ಬದಿಗಿರಬೇಕು, ಎರಡೂ ಚಕ್ರದ ಬ್ರೇಕ್ ಬಿದ್ದಿರಬೇಕು, ಕಾಲಿಡುವ ಹಲಗೆ ಮಡಿಸಿರಬೇಕು. ಎಬ್ಬಿಸುವ ಮುನ್ನ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕೂರಿಸಬೇಕು. ಸೋತ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ.

ಅಮೆರಿಕದಲ್ಲಿ ಇದೇ ಕೆಲಸಕ್ಕೆ 'ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್' ಎನ್ನುತ್ತಾರೆ. 1987ರ ಕಾನೂನಿನ ಪ್ರಕಾರ ನರ್ಸಿಂಗ್ ಹೋಮಿನಲ್ಲಿ (ಅಲ್ಲಿ ಹಾಗೆಂದರೆ ವೃದ್ಧರು, ಅಶಕ್ತರು ಉಳಿದುಕೊಳ್ಳುವ ಆರೈಕೆ ಕೇಂದ್ರ) ಕೆಲಸ ಮಾಡಲು ಕನಿಷ್ಠ 75 ಗಂಟೆ ತರಬೇತಿ ಬೇಕು, ಅದರಲ್ಲಿ 16 ಗಂಟೆ ಮುಗಿಯುವ ತನಕ ರೋಗಿಯನ್ನು ಮುಟ್ಟುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 160 ಗಂಟೆ, ಅದರಲ್ಲಿ 100 ಗಂಟೆ ರೋಗಿಗಳ ಬಳಿಯೇ. ನಮಗೆ ಹಿಡಿಸಿದ್ದು ಗಂಟೆಗಳಿಗಿಂತ ಹೆಚ್ಚಾಗಿ ಅವರ ಪ್ರಾಯೋಗಿಕ ಪರೀಕ್ಷೆ. ಯಾವ ಕೆಲಸ ಮಾಡಿ ತೋರಿಸಬೇಕೆಂಬುದು ಮೊದಲೇ ಗೊತ್ತಿರುವುದಿಲ್ಲ, ಕೈ ತೊಳೆಯುವುದನ್ನೂ ಪರೀಕ್ಷಕರು ನೋಡುತ್ತಾರೆ. ಕೆಲವು ಹೆಜ್ಜೆಗಳನ್ನು ತಪ್ಪುವಂತೆಯೇ ಇಲ್ಲ. ವೀಲ್‌ಚೇರಿನ ಬ್ರೇಕ್ ಹಾಕಲು ಮರೆತರೆ, ಉಳಿದದ್ದೆಲ್ಲ ಸರಿಯಿದ್ದರೂ ಆ ಕೆಲಸದಲ್ಲಿ ಫೇಲ್. ನಮ್ಮಲ್ಲೂ ಹೀಗೇ ಇರಲಿ, ಅಂಕ ಕೂಡಿಸಿ ಪಾಸು ಮಾಡುವುದು ಬೇಡ.

ವಾರ್ಡಿಗೆ ಕಳಿಸಿದರೆ ಸಾಲದು ಎಂಬುದೂ ನಮಗೆ ಗೊತ್ತು. ಕಲಿಯಲು ಬಂದ ಹುಡುಗಿಯರನ್ನು ಸ್ಯಾಂಪಲ್ ಲ್ಯಾಬಿಗೆ ಒಯ್ಯಲು, ಫೈಲ್ ತರಲು ಓಡಿಸಿದರೆ ದಿನ ಅಲ್ಲಿಗೇ ಮುಗಿಯುತ್ತದೆ, ರಿಜಿಸ್ಟರಿನಲ್ಲಿ ಮಾತ್ರ 8 ಗಂಟೆ ಹಾಜರಿ. ಅದಕ್ಕೇ ಲಾಗ್‌ಬುಕ್ಕಿನಲ್ಲಿ ಗಂಟೆಯ ಬದಲು ಕೆಲಸ ಬರೆಸಿ: ಮಗ್ಗುಲು ಬದಲಿಸಿದ್ದು 20 ಸಲ, ಊಟ ಮಾಡಿಸಿದ್ದು 10 ಸಲ, ಮಂಚದಿಂದ ಕುರ್ಚಿಗೆ ದಾಟಿಸಿದ್ದು 10 ಸಲ, ಪ್ರತಿಯೊಂದಕ್ಕೂ ಎದುರಿಗಿದ್ದ ನರ್ಸಿನ ಸಹಿ. ಎಂಟು ಜನ ಕಲಿಯುವವರಿಗೆ ಒಬ್ಬ ನರ್ಸ್ ಬೇಕು, ಆ ಹೊತ್ತಿಗೆ ಅವರಿಗೆ ಬೇರೆ ಡ್ಯೂಟಿ ಇರಬಾರದು. ಅವರ ಸಂಬಳವೂ ತರಬೇತಿಯ ಖರ್ಚಿನಲ್ಲಿ ಸೇರಲಿ.

ಇನ್ನೊಂದು ವಿಷಯ. "ಸಿಸ್ಟರ್, ಡಾಕ್ಟರು ಬರೆದಿದ್ದಾರಲ್ಲ, ಈ ಇಂಜೆಕ್ಷನ್ ನೀವೇ ಹಾಕಿಬಿಡಿ" ಎಂದು ಮನೆಯವರು ಜಿಡಿಎಯನ್ನೇ ಕೇಳುತ್ತಾರೆ. ಇಪ್ಪತ್ತು ವರ್ಷದ ಹುಡುಗಿ ಇಲ್ಲ ಅನ್ನುವುದು ಹೇಗೆ? ಮೂತ್ರದ ಚೀಲ ಖಾಲಿ ಮಾಡುವುದು, ಅದನ್ನು ಸದಾ ಸೊಂಟಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ತೂಗುಹಾಕುವುದು ಅವಳ ಕೆಲಸ. ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕುವುದು, ಇಂಜೆಕ್ಷನ್ ಕೊಡುವುದು ಅಲ್ಲ. ಯಾವುದನ್ನು ಮಾಡಬಹುದು, ಯಾವುದನ್ನು ಕೂಡದು ಎಂಬ ಪಟ್ಟಿಯನ್ನು ಸರ್ಟಿಫಿಕೇಟಿನ ಹಿಂಬದಿಯಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಿ. ಅದನ್ನು ತೋರಿಸಿಯಾದರೂ ಅವಳು ಇಲ್ಲ ಅನ್ನಬಹುದು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ರಾಜ್ಯದ ಹಣದಲ್ಲಿ ನಡೆಯುವ ತರಬೇತಿಗೆ ಷರತ್ತು ಹಾಕುವುದು ನಿಮ್ಮ ಕೈಯಲ್ಲೇ ಇದೆ. ಒಂದು ಜಿಲ್ಲಾಸ್ಪತ್ರೆಯಲ್ಲಿ, ಒಂದು ಬ್ಯಾಚಿನಿಂದ ಆರಂಭಿಸಿ. ಪರೀಕ್ಷಕರಾಗಿ ಆ ಬ್ಯಾಚಿಗೆ ಪಾಠ ಮಾಡಿರದ ನರ್ಸನ್ನೇ ಕರೆಸಿ.

ಇಂತಿ,
ವಾರ್ಡ್ ಸಹಾಯಕರಿಗೆ ಕೆಲಸ ಕಲಿಸುವ ನರ್ಸುಗಳು