ಇಪ್ಪತ್ನಾಲ್ಕು ಗಂಟೆಯ ಲೆಕ್ಕ

ಮಾನ್ಯ ಸಂಪಾದಕರೇ,

ಹೋದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರ ಪತ್ರ ಓದಿದೆ. ಅವರ ಮನೆಯ ಬೀಗ ಒಡೆದು, ಮಗಳ ಮದುವೆಗೆಂದು ಕೂಡಿಟ್ಟಿದ್ದ ಒಡವೆಗಳನ್ನು ಕಳ್ಳರು ಒಯ್ದಿದ್ದಾರೆ. ಹಿಡಿದು ತಂದವನನ್ನು ಒಂದೇ ದಿನದಲ್ಲಿ ಕೋರ್ಟಿಗೆ ಹಾಜರುಪಡಿಸಬೇಕಾಗಿ ಬಂದದ್ದರಿಂದ ಮಾಲು ಸಿಗದೇ ಹೋಯಿತು, ಸಂವಿಧಾನದ ಹಕ್ಕುಗಳು ಕಳ್ಳರಿಗೆ ಹಿಡಿದ ಕೊಡೆಯಾಗಿವೆ ಎಂದು ಅವರು ನೊಂದು ಬರೆದಿದ್ದರು. ಒಡವೆ ಕಳೆದುಕೊಂಡ ಮನೆಯವರೊಂದಿಗೆ ವಾದಕ್ಕೆ ನಿಲ್ಲುವ ಮನಸ್ಸು ನನಗಿಲ್ಲ. ಆದರೆ ಆ ಒಂದು ದಿನದ ಲೆಕ್ಕವನ್ನು ಟೈಪ್ ಮಾಡುತ್ತಲೇ ನನ್ನ ಬದುಕು ಕಳೆದಿದೆ. 1983ರಿಂದ 2016ರವರೆಗೆ ತಾಲ್ಲೂಕು ಮಟ್ಟದ ನ್ಯಾಯಾಲಯಗಳಲ್ಲಿ ಬೆರಳಚ್ಚುಗಾರ್ತಿಯಾಗಿದ್ದೆ. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂಬ ಆ ನಿಯಮ ಯಾಕೆ ಇದೆ ಎಂಬುದನ್ನು ನಾನು ಪುಸ್ತಕದಿಂದ ಕಲಿತವಳಲ್ಲ.

1994ರ ಒಂದು ಭಾನುವಾರ. ರಜೆಯ ದಿನ ಆರೋಪಿಗಳನ್ನು ಮ್ಯಾಜಿಸ್ಟ್ರೇಟರ ಮನೆಗೇ ಕರೆತರುವುದು ರೂಢಿ. ನನ್ನ ವಸತಿಗೃಹ ಹತ್ತಿರದಲ್ಲೇ ಇತ್ತು, ಹೇಳಿ ಕಳುಹಿಸಿದರು. ಹೋದಾಗ ಜಗಲಿಯ ಕೆಳಗೆ ಒಬ್ಬ ಹಮಾಲಿ ಇಬ್ಬರು ಪೊಲೀಸರ ನಡುವೆ ನಿಂತಿದ್ದ. ಪಂಪ್‌ಸೆಟ್ಟಿನ ಮೋಟಾರು ಕದ್ದ ಆರೋಪ. ಕಾಗದದಲ್ಲಿ ‘ಶನಿವಾರ ಸಂಜೆ 6 ಗಂಟೆಗೆ ದಸ್ತಗಿರಿ’ ಎಂದಿತ್ತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಾಜರು. ಲೆಕ್ಕ ಸರಿಯಾಗಿಯೇ ಇತ್ತು. ಪೊಲೀಸ್ ಕಸ್ಟಡಿ ಕೇಳಿದ ಅರ್ಜಿಗೆ ಸಹಿಯೊಂದು ಬಿದ್ದರೆ ಎಲ್ಲರೂ ಮನೆಗೆ ಹೋಗಬಹುದಿತ್ತು.

ಮ್ಯಾಜಿಸ್ಟ್ರೇಟರು ಇನ್ನೂ ಚಿಕ್ಕ ವಯಸ್ಸಿನವರು, ನೌಕರಿಗೆ ಹೊಸಬರು. ಸಹಿ ಹಾಕುವ ಮೊದಲು ಪೊಲೀಸರನ್ನು ಗೇಟಿನಾಚೆ ನಿಲ್ಲಲು ಹೇಳಿ, ಆ ಮನುಷ್ಯನನ್ನು ಹತ್ತಿರ ಕರೆದು, “ನಿನ್ನನ್ನು ಯಾವತ್ತು ಕರೆದುಕೊಂಡು ಬಂದರಪ್ಪ?” ಎಂದು ಕೇಳಿದರು. ಅವನಿಗೆ ತಾರೀಖು ಗೊತ್ತಿರಲಿಲ್ಲ. “ಸಂತೆ ದಿನ ಸ್ವಾಮಿ, ಈರುಳ್ಳಿ ಮೂಟೆ ಇಳಿಸುತ್ತಿದ್ದೆ” ಎಂದ. ನಮ್ಮೂರಿನ ಸಂತೆ ಗುರುವಾರ.

ಆಗ ಅವನ ಕಾಲುಗಳನ್ನು ನೋಡಿದೆ. ಹಿಮ್ಮಡಿ ನೆಲಕ್ಕೆ ಊರಲಾಗದೆ ತುದಿಗಾಲಲ್ಲಿ ನಿಂತಿದ್ದ. ಅಷ್ಟು ಹೊತ್ತು ಅವನ ಎದುರಿಗೇ ಕುಳಿತಿದ್ದರೂ ನನಗದು ಕಂಡಿರಲಿಲ್ಲ. ಇವತ್ತಿಗೂ ನನ್ನನ್ನು ಕಾಡುವುದು ಅದೇ. ಸಾಹೇಬರಿಗೆ ಕಂಡಿತ್ತು. “ಪಾದ ತೋರಿಸು” ಎಂದರು. ಅವನು ಗೋಡೆ ಹಿಡಿದುಕೊಂಡು ಒಂದು ಕಾಲು ಎತ್ತಿದ. ಅದನ್ನು ನಾನು ವರ್ಣಿಸುವುದಿಲ್ಲ. ಅವರು ಹೇಳುತ್ತಾ ಹೋದರು, ನಾನು ಬಡಿಯುತ್ತಾ ಹೋದೆ. ‘ಗುರುವಾರ’ ಎಂಬ ಪದ ಬಂದಾಗ ಕಾರ್ಬನ್ ಹಾಳೆಗಳು ಜರುಗಿ ಅಕ್ಷರ ಒಂದರ ಮೇಲೊಂದು ಬಿದ್ದವು, ಹಾಳೆ ಬದಲಿಸಿ ಮತ್ತೆ ಹೊಡೆದೆ. ಕಸ್ಟಡಿ ಅರ್ಜಿ ತಿರಸ್ಕೃತವಾಯಿತು. ಅವನನ್ನು ಮೊದಲು ಸರ್ಕಾರಿ ಆಸ್ಪತ್ರೆಗೆ ಕಳುಹಿಸಿದರು. ಗುರುವಾರದಿಂದ ಶನಿವಾರದವರೆಗೆ ಅವನು ಎಲ್ಲಿದ್ದ ಎಂದು ವಿವರಣೆ ಕೇಳಿ ಮೇಲಧಿಕಾರಿಗೆ ಪತ್ರ ಹೋಯಿತು.

ಮೋಟಾರನ್ನು ಅವನೇ ಕದ್ದಿದ್ದನೋ ಇಲ್ಲವೋ ನನಗೆ ತಿಳಿಯದು. ಪ್ರಕರಣ ಮುಗಿಯುವ ಮೊದಲೇ ನನಗೆ ವರ್ಗವಾಯಿತು. ಕದ್ದಿದ್ದರೂ ಆ ಪಾದಗಳಿಗೆ ಹಾಗಾಗಬಾರದಿತ್ತು.

ಸಂವಿಧಾನದ 22ನೇ ವಿಧಿಯ ಮೊದಲೆರಡು ಖಂಡಗಳು ಬಹಳ ಚಿಕ್ಕವು. ಬಂಧಿಸಿದವನಿಗೆ ಕಾರಣ ಹೇಳಬೇಕು, ತನ್ನಿಷ್ಟದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಕಳೆದು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇವು ಕರಡಿನಲ್ಲಿ ಮೊದಲಿನಿಂದ ಇದ್ದವಲ್ಲ. ಜೀವ ಮತ್ತು ಸ್ವಾತಂತ್ರ್ಯದ ವಿಧಿಯಲ್ಲಿ (ಈಗಿನ 21ನೇ ವಿಧಿ) ‘ಕಾನೂನು ಗೊತ್ತುಪಡಿಸಿದ ಕ್ರಮ’ ಎಂದಷ್ಟೇ ಇಟ್ಟುಕೊಂಡದ್ದು ಸಾಲದೆಂಬ ಅಸಮಾಧಾನ ಸಂವಿಧಾನ ಸಭೆಯಲ್ಲಿತ್ತು. ಆ ಕೊರತೆ ತುಂಬಲೆಂದೇ 1949ರ ಸೆಪ್ಟೆಂಬರ್‌ನಲ್ಲಿ ಅಂಬೇಡ್ಕರ್ ಇವನ್ನು ತಂದರು. ಆ ಸಭೆಯಲ್ಲಿ ಕುಳಿತಿದ್ದವರಲ್ಲಿ ಎಷ್ಟೋ ಜನ ಬ್ರಿಟಿಷರ ಜೈಲು ಕಂಡವರು, ವಿಚಾರಣೆಯಿಲ್ಲದೆ ಕೂಡಿಹಾಕಲು ಅನುವು ಮಾಡಿದ 1919ರ ರೌಲತ್ ಕಾಯ್ದೆಯ ಕಾಲವನ್ನು ಬಲ್ಲವರು. ಹಾಗಿದ್ದೂ ಅದೇ 22ನೇ ವಿಧಿಯ ಮುಂದಿನ ಖಂಡಗಳಲ್ಲಿ ಮುನ್ನೆಚ್ಚರಿಕೆ ಬಂಧನಕ್ಕೆ, ಅಂದರೆ ತಪ್ಪು ಮಾಡುವ ಮೊದಲೇ ಮಾಡಬಹುದೆಂಬ ಶಂಕೆಯಿಂದ ಕೂಡಿಹಾಕುವುದಕ್ಕೆ, ಬಾಗಿಲು ತೆರೆದಿಟ್ಟರು. ಅದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಆ ಬಾಗಿಲಿನಿಂದ ಏನು ಒಳಬಂತು ಎಂಬುದನ್ನು ನನ್ನ ವಯಸ್ಸಿನವರು ಕಂಡಿದ್ದೇವೆ. 1975ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ನಾನು ಟೈಪಿಂಗ್ ಕಲಿಯುತ್ತಿದ್ದ ಹುಡುಗಿ. ಕಲಾವಿದೆ ಸ್ನೇಹಲತಾ ರೆಡ್ಡಿಯವರನ್ನು ಇಂಥ ಬಂಧನಕ್ಕೆಂದೇ ಇದ್ದ ‘ಮೀಸಾ’ ಕಾಯ್ದೆಯಡಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಅಸ್ತಮಾದಿಂದ ನರಳುತ್ತಿದ್ದ ಅವರು ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಹೀಗೆ ಒಳಗಿದ್ದವರ ಪರವಾಗಿ ಹಾಕಿದ, ಬಂಧನ ಕಾನೂನುಬದ್ಧವೇ ಎಂದು ಕೋರ್ಟ್ ಪರಿಶೀಲಿಸಬೇಕೆಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಕೇಳಬಹುದು ಎಂದು ಒಂಬತ್ತು ಹೈಕೋರ್ಟ್‌ಗಳು ಹೇಳಿದವು, ಅವುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಐವರಲ್ಲಿ ನಾಲ್ವರು ಸರ್ಕಾರದ ಕಡೆ, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನ. ಅದಕ್ಕೆ ಅವರು ತೆತ್ತ ಬೆಲೆ ಮುಖ್ಯ ನ್ಯಾಯಮೂರ್ತಿ ಸ್ಥಾನ. ಹಿರಿತನವನ್ನು ಕಡೆಗಣಿಸಿ ಕಿರಿಯರನ್ನು ನೇಮಿಸಿದಾಗ ರಾಜೀನಾಮೆ ಕೊಟ್ಟರು.

1978ರ 44ನೇ ತಿದ್ದುಪಡಿ ಬಂದ ಮೇಲೆ, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಹಕ್ಕನ್ನು ಅಮಾನತಿನಲ್ಲಿಡಲು ಬರುವುದಿಲ್ಲ. ಆದರೆ 1976ರ ಆ ತೀರ್ಪು ಮಾತ್ರ ಕಡತದಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ಒಂಬತ್ತು ನ್ಯಾಯಮೂರ್ತಿಗಳು ಸೇರಿ ತೊಡೆದುಹಾಕಿದ್ದು 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕೇ ಎಂಬ ಪ್ರಕರಣದಲ್ಲಿ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ತಮ್ಮ 86ನೇ ವಯಸ್ಸಿನಲ್ಲಿ. ನಾನು ನಿವೃತ್ತಳಾದ ಮರುವರ್ಷ ಆ ಸುದ್ದಿ ಓದಿ, ಪತ್ರಿಕೆಯನ್ನು ಮಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ದೊಡ್ಡ ಕೋರ್ಟಿನಲ್ಲಿ ಹೇಳಿದ್ದು ತಾಲ್ಲೂಕಿನ ಮೇಜಿಗೆ ಬರಲು ಎಷ್ಟು ಕಾಲ ಬೇಕು ಎಂಬುದನ್ನೂ ಕಂಡಿದ್ದೇನೆ. 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದ ತೀರ್ಪು ಬಂತು. ದಸ್ತಗಿರಿಯ ಸಮಯ, ತಾರೀಖು ಬರೆದು ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಹಾಕಬೇಕು, ಬಂಧಿತನ ಕಡೆಯವರಿಗೆ ಸುದ್ದಿ ಮುಟ್ಟಿಸಬೇಕು, ವೈದ್ಯರು ನೋಡಬೇಕು ಎಂದೆಲ್ಲ ಅದರಲ್ಲಿತ್ತು. ಪೊಲೀಸ್ ಕಸ್ಟಡಿಯಲ್ಲಿನ ಸಾವುಗಳ ಬಗ್ಗೆ ಬಸು ಅವರು ಬರೆದಿದ್ದು ಒಂದು ಪತ್ರ, ಅದನ್ನೇ ನ್ಯಾಯಾಲಯ ಅರ್ಜಿ ಎಂದು ಎತ್ತಿಕೊಂಡಿತ್ತು. ನಮ್ಮ ಕಡತಗಳಲ್ಲಿ ಮೆಲ್ಲಮೆಲ್ಲನೆ ದಸ್ತಗಿರಿಯ ಆ ಹಾಳೆ ಕಾಣಿಸತೊಡಗಿತು. ಮೊದಮೊದಲು ಹತ್ತು ಪ್ರಕರಣಕ್ಕೂ ಒಬ್ಬನೇ ಸಾಕ್ಷಿಯ ಸಹಿ ಇರುತ್ತಿತ್ತು. ಒಬ್ಬ ಮ್ಯಾಜಿಸ್ಟ್ರೇಟರು ಆ ಸಾಕ್ಷಿಯನ್ನೇ ಕರೆಸಿ ವಿಚಾರಿಸಿದ ಮೇಲೆ ನಿಂತಿತು. ಹೀಗೆ ಕೇಳುವವರು ಇದ್ದ ಕಡೆ ಹಕ್ಕು ಇತ್ತು, ಇಲ್ಲದ ಕಡೆ ಅದು ನಾನು ಟೈಪ್ ಮಾಡಿದ ಇನ್ನೊಂದು ಹಾಳೆಯಾಗಿ ಉಳಿಯಿತು.

ಇನ್ನೊಂದು ಮಾತನ್ನು ಕನ್ನಡತಿಯಾಗಿ ಹೇಳಬೇಕಿದೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, ಕಾಫಿ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದಿದ್ದ ಹುಡುಗನೊಬ್ಬನನ್ನು ಕರೆತಂದರು. ದಸ್ತಗಿರಿಯ ಕಾರಣ ಕನ್ನಡದಲ್ಲಿ ನೀಟಾಗಿ ಬರೆದಿತ್ತು, ಕೆಳಗೆ ಅವನ ಸಹಿಯೂ ಇತ್ತು. ಅವನಿಗೆ ಕನ್ನಡದ ಒಂದಕ್ಷರ ಬಾರದು. ಬೆರಳು ತೋರಿಸಿದ ಕಡೆ ಸಹಿ ಮಾಡಿದ್ದ. ಬ್ಯಾಂಕಿನಲ್ಲಿ, ರೈಲು ನಿಲ್ದಾಣದಲ್ಲಿ ಕನ್ನಡ ಬೇಕೆಂದು ನಾವು ಕೇಳುತ್ತೇವೆ, ಕೇಳಲೇಬೇಕು. ನಮ್ಮ ಹುಡುಗ ಗುವಾಹಟಿಯ ಠಾಣೆಯಲ್ಲಿ ಕುಳಿತಾಗ ಅವನ ಮುಂದಿಡುವ ಕಾಗದ ಯಾವ ಭಾಷೆಯಲ್ಲಿರಬೇಕು? ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ನಾನು ಆ ಹುಡುಗನನ್ನು ನೆನೆದೆ.

ಪತ್ರ ಬರೆದ ಆ ಹಿರಿಯರಿಗೆ ನನ್ನದೊಂದು ವಿನಂತಿ. 24 ಗಂಟೆಯಾದೊಡನೆ ಯಾರನ್ನೂ ಬಿಟ್ಟುಬಿಡಬೇಕೆಂದು ಸಂವಿಧಾನ ಹೇಳುವುದಿಲ್ಲ. ಮಾಲು ಪತ್ತೆಗೆ ಕಸ್ಟಡಿ ಬೇಕಿದ್ದರೆ ಕೇಳಬಹುದು, ಕಾರಣ ಸರಿಯಿದ್ದರೆ ಮ್ಯಾಜಿಸ್ಟ್ರೇಟರು ಕೊಡುತ್ತಾರೆ, ಕೊಟ್ಟ ಆದೇಶಗಳನ್ನು ನಾನೇ ಎಷ್ಟೋ ಟೈಪ್ ಮಾಡಿದ್ದೇನೆ. ಪೊಲೀಸ್ ಕಸ್ಟಡಿಗೆ ಮೊದಲ ಸಲ ಒಪ್ಪಿಸುವಾಗ ಮನುಷ್ಯನನ್ನು ಖುದ್ದಾಗಿ ಎದುರಿಗೆ ನಿಲ್ಲಿಸಬೇಕು ಎಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ, ವಿಡಿಯೊದಲ್ಲಿ ತೋರಿಸಿದರೆ ಆಗದು. ಪರದೆಯ ಮೇಲೆ ಮುಖ ಕಾಣಿಸುತ್ತದೆ, ಹಿಮ್ಮಡಿ ಕಾಣಿಸುವುದಿಲ್ಲ.

ಸಂಪಾದಕರೇ, ಈಗ ನಮ್ಮ ಶಾಲೆಗಳಲ್ಲಿ ಮಕ್ಕಳು ಸಂವಿಧಾನದ ಪೀಠಿಕೆ ಓದುತ್ತಾರೆ. ಪಕ್ಕದ ಮನೆಯ ಹುಡುಗಿ ಅದನ್ನು ಬಾಯಿಪಾಠ ಒಪ್ಪಿಸುವಾಗ ಕೇಳಲು ಹಿತವಾಗುತ್ತದೆ. ಅವಳ ಅಪ್ಪ ಲಾರಿ ಚಾಲಕ, ರಾತ್ರಿಯೆಲ್ಲ ರಸ್ತೆಯಲ್ಲಿರುವವರು. 22ನೇ ವಿಧಿಯಲ್ಲಿ ಏನಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಬಂಧನದಲ್ಲಿರುವವರಿಗೆ ಉಚಿತ ವಕೀಲರ ನೆರವು ಕಾನೂನಿನ ಪ್ರಕಾರವೇ ಸಿಗುತ್ತದೆ, ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ ಎಂಬುದೂ ಗೊತ್ತಿಲ್ಲ. ನಾನು ಹೇಳಿದಾಗ ಅವರ ಹೆಂಡತಿ ಅದನ್ನು ಮಗಳ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಸಿಕೊಂಡರು.

ಆ ಎರಡು ಖಂಡಗಳನ್ನು ನಿಮ್ಮ ಪತ್ರಿಕೆಯ ಒಂದು ಮೂಲೆಯಲ್ಲಿ, ದಪ್ಪಕ್ಷರದಲ್ಲಿ ಅಚ್ಚು ಹಾಕುವಿರಾ? ಕತ್ತರಿಸಿ ಪಡಿತರ ಚೀಟಿಯ ಜೊತೆ ಇಟ್ಟುಕೊಳ್ಳುವಷ್ಟು ಚಿಕ್ಕ ಚೌಕ ಸಾಕು. ಕನ್ನಡ ಪಠ್ಯವನ್ನು ನಾನೇ ಟೈಪ್ ಮಾಡಿ, ತಪ್ಪಿಲ್ಲದಂತೆ ಎರಡು ಸಲ ತಾಳೆ ನೋಡಿ, ಈ ಪತ್ರಕ್ಕೆ ಲಗತ್ತಿಸಿದ್ದೇನೆ.

ಇಂತಿ,
ನಿವೃತ್ತ ಬೆರಳಚ್ಚುಗಾರ್ತಿ