ವಿಕ್ರಮವರ್ಧನನ ಕಾದಂಬರಿ ಬರೆಯುತ್ತಿರುವ ಗೆಳೆಯರಿಗೆ

ಪ್ರಿಯ ಗೆಳೆಯರೇ,

ನಮಸ್ಕಾರ. ಜಾವಾದ ಮಜಪಹಿತ್ ಅರಸ ವಿಕ್ರಮವರ್ಧನನನ್ನು ಕುರಿತ ನಿಮ್ಮ ಕಾದಂಬರಿಯ ಮೊದಲ ನಾಲ್ಕು ಅಧ್ಯಾಯಗಳನ್ನು ಓದಿದೆ. ಭಾಷೆ ಹದವಾಗಿದೆ. ಆದರೆ ಮೊದಲ ಪುಟದಿಂದಲೇ ದೊರೆಯನ್ನು ಸೋತವನೆಂದು ತೀರ್ಮಾನಿಸಿ, ಮಾತುಮಾತಿಗೂ ಅವನಿಂದ ನಿಟ್ಟುಸಿರು ಬಿಡಿಸಿದ್ದೀರಿ. ರಾಜ್ಯ ಇಳಿಮುಖವಾಗಿತ್ತೆಂಬುದು ಇಂದು ಓದುವ ನಮಗೆ ಗೊತ್ತು. ಅವನಿಗೆ ಹಾಗೆ ಕಂಡಿರಬೇಕೆಂದೇನೂ ಇಲ್ಲ. ಹಿಂದಿನ ದೊರೆ ಹಯಮ್ ವುರುಕ್ ತೀರಿಕೊಂಡ 1389ರಲ್ಲಿ ಪಟ್ಟವೇರಿ 1429ರವರೆಗೆ ಆಳಿದವನು ಅವನು, ಅವನ ನಂತರವೂ ಆ ರಾಜ್ಯ ಸುಮಾರು ನೂರು ವರ್ಷ ಹೇಗೋ ಉಳಿದುಕೊಂಡಿತು.

ಅವನ ತೊಡಕು ಮನೆಯೊಳಗಿನದು. ಹಯಮ್ ವುರುಕ್ ಅವನ ಸೋದರಮಾವ. ಆ ಮಾವನ ಮಗಳು ಕುಸುಮವರ್ಧನಿಯ ಕೈಹಿಡಿದು ಸಿಂಹಾಸನಕ್ಕೆ ಬಂದವನು. ಈ ಸಂಬಂಧವನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಿಮ್ಮ ಒಂದೂವರೆ ಪುಟದ ವಿವರಣೆಯನ್ನು ಧಾರಾಳವಾಗಿ ಕತ್ತರಿಸಿ. ಹಯಮ್ ವುರುಕ್‌ನ ಉಪಪತ್ನಿಯ ಮಗನಾದ ವಿರಭೂಮಿ ಪೂರ್ವದ ಅರಮನೆಯಲ್ಲಿ ಕುಳಿತು ತಾನೂ ಅರಸನೆನ್ನುತ್ತಿದ್ದ. ಜಾವಾದ ಅರಸರ ಕತೆ ಹೇಳುವ ಪರರತೋನ್ ವೃತ್ತಾಂತದಲ್ಲಿ ಬರುವ ಲಾಸೆಮ್ ಪ್ರಸಂಗವನ್ನು ನೀವು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ; ನನ್ನ ಎಣಿಕೆಯಲ್ಲಿ ಇಡೀ ಕಾದಂಬರಿ ನಿಲ್ಲಬೇಕಾದದ್ದು ಅದರ ಮೇಲೆ. ಉತ್ತರ ಕರಾವಳಿಯ ಲಾಸೆಮ್‌ನ ಒಡೆತಿ ಎಂಬ ಪದವಿಯನ್ನು ಪೂರ್ವದವನು ತನ್ನ ಹೆಂಡತಿಗೆ ಕೊಡಿಸಿದ್ದರೆ, ಪಶ್ಚಿಮದವನಾದ ವಿಕ್ರಮವರ್ಧನ ಅದೇ ಪದವಿಯನ್ನು ಕುಸುಮವರ್ಧನಿಗೂ ಕೊಟ್ಟ. ಹೀಗೆ ಒಂದೇ ಊರಿಗೆ ಇಬ್ಬರು ಒಡೆತಿಯರಾಗಿ, ಗುರುತು ಹಿಡಿಯಲು ಒಬ್ಬಳನ್ನು ಚೆಲುವೆಯೆಂದೂ ಇನ್ನೊಬ್ಬಳನ್ನು ದಪ್ಪಗಿರುವವಳೆಂದೂ ಕರೆದರು. ಅವರಿಬ್ಬರೂ ತೀರಿಕೊಂಡ ಮೇಲೆ ವಿಕ್ರಮವರ್ಧನ ಆ ಪದವಿಯನ್ನು ತನ್ನ ಸೊಸೆಗೆ ಕೊಟ್ಟ. ಒಳಗೊಳಗೇ ಇದ್ದ ಮುನಿಸು ಬಹಿರಂಗ ಜಗಳವಾಯಿತು. 1404ರಿಂದ 1406ರವರೆಗೆ ಈ ಇಬ್ಬರ ನಡುವೆ ನಡೆದ ಪರೆಗ್ರೆಗ್ ಯುದ್ಧದ ಬೇರು ಇಲ್ಲಿದೆ. ದಪ್ಪಗಿರುವವಳೆಂಬ ಹೆಸರು ಹೊತ್ತ ಆ ಹೆಣ್ಣುಮಗಳು ಸಭೆಗೆ ಬಂದಾಗ ಯಾರು ಯಾರ ಮುಖ ನೋಡಿದರು ಎಂಬುದನ್ನು ಬರೆಯಿರಿ. ರಣರಂಗ ಎರಡು ಪುಟದಲ್ಲಿ ಮುಗಿದರೆ ಸಾಕು.

ಚೀನಾದ ಸಂಗತಿಯನ್ನಂತೂ ಖಂಡಿತ ಬಿಡಬೇಡಿ. ಮಿಂಗ್ ಆಸ್ಥಾನ ಪೂರ್ವ, ಪಶ್ಚಿಮ ಎಂದು ಜಾವಾದ ಇಬ್ಬರನ್ನೂ ಅರಸರೆಂದು ಮನ್ನಿಸಿ, ಪೂರ್ವದವನು ಬೇಡಿದಾಗ ಅವನಿಗೂ ರಾಜಮುದ್ರೆ ಕೊಟ್ಟಿತ್ತು. 1406ರಲ್ಲಿ ವಿಕ್ರಮವರ್ಧನನ ಸೈನ್ಯ ಪೂರ್ವದ ನಾಡಿಗೆ ನುಗ್ಗಿದಾಗ, ಅಲ್ಲಿ ವ್ಯಾಪಾರಕ್ಕೆಂದು ದಡಕ್ಕಿಳಿದಿದ್ದ ಚೀನೀ ಹಡಗುಪಡೆಯ 170 ಮಂದಿ ಸತ್ತರು. ಚಕ್ರವರ್ತಿ ಯೋಂಗ್ಲೆ 60,000 ಲಿಯಾಂಗ್ (ಚೀನಾದ ತೂಕದ ಅಳತೆ) ಚಿನ್ನದ ದಂಡ ಕೇಳಿದ; 1408ರಲ್ಲಿ ಜಾವಾದಿಂದ ಹೋದದ್ದು 10,000 ಲಿಯಾಂಗ್ ಮಾತ್ರ, ಉಳಿದದ್ದನ್ನು ಚಕ್ರವರ್ತಿ ಮನ್ನಾ ಮಾಡಿದ. ಯುದ್ಧ ಗೆದ್ದವನು ಖಜಾನೆಯವರನ್ನು ಕರೆಸಿ, ಎಷ್ಟು ಕಳಿಸಿದರೆ ಮಾನ ಉಳಿದೀತು ಎಂದು ಕೇಳುವ ದೃಶ್ಯ ನಿಮ್ಮ ಎಲ್ಲ ನಿಟ್ಟುಸಿರುಗಳಿಗಿಂತ ಹೆಚ್ಚು ಹೇಳುತ್ತದೆ.

ನೀವು ಬಣ್ಣಿಸಿರುವ ಅರಮನೆಯಲ್ಲಿ ಚಿನ್ನ ಜಾಸ್ತಿಯಾಯಿತು. ಮಜಪಹಿತ್‌ನ ರಾಜಧಾನಿಯಿದ್ದ ಟ್ರೋವುಲಾನ್‌ನಲ್ಲಿ ಇಂದು ಕಾಣುವುದು ಕೆಂಪು ಇಟ್ಟಿಗೆ, ವಿಶಾಲವಾದ ಸೆಗಾರನ್ ಕೊಳ ಮತ್ತು ಹಂದಿಯಾಕಾರದ ಮಣ್ಣಿನ ಹುಂಡಿಗಳು. ಅಲ್ಲಿಯ ಸಂತೆಯಲ್ಲಿ ಚಲಾವಣೆಯಲ್ಲಿದ್ದದ್ದು ನಡುವೆ ತೂತಿರುವ ಚೀನಾದ ತಾಮ್ರದ ಕಾಸು. ಅಧ್ಯಾಯಗಳ ತಲೆಗೆ ಕ್ರಿಸ್ತಶಕದ ಬದಲು ಶಕವರ್ಷ ಹಾಕಿ: ಪರರತೋನ್ ಎಣಿಸುವುದೂ ಹಾಗೆಯೇ, ನಮ್ಮ ಶಾಸನ ಓದುವವರಿಗೂ ಅದು ಪರಿಚಿತ. ವಿಜಯನಗರದ ಜೊತೆಗಿನ ಹೋಲಿಕೆಗಳನ್ನು ಮಾತ್ರ ದಯವಿಟ್ಟು ತೆಗೆಯಿರಿ.

ಇನ್ನು ಮುಕ್ತಾಯ. ದೊರೆಯ ಸಾವಿಗೆ ಕತೆ ನಿಲ್ಲಿಸುವುದಾಗಿ ಬರೆದಿದ್ದೀರಿ. ಆದರೆ ನೆನಪಿಡಿ, ಯುದ್ಧದಲ್ಲಿ ಸೋತು ರಾತ್ರಿ ದೋಣಿಯಲ್ಲಿ ತಪ್ಪಿಸಿಕೊಳ್ಳುತ್ತಿದ್ದ ವಿರಭೂಮಿಯನ್ನು ಹಿಡಿದು, ತಲೆ ಕಡಿದು ತಂದವನು ವಿಕ್ರಮವರ್ಧನನ ಕಡೆಯ ರಾದೆನ್ ಗಜಾ. 1433ರಲ್ಲಿ, ವಿಕ್ರಮವರ್ಧನನ ಮಗಳು ಸುಹಿತಾ ಆಳುತ್ತಿದ್ದಾಗ, ಅದೇ ಕೃತ್ಯಕ್ಕಾಗಿ ಅವನನ್ನು ಕೊಲ್ಲಿಸಲಾಯಿತು. ತಂದೆಯ ಶತ್ರುವನ್ನು ಕೊಂದವನಿಗೆ ಮಗಳ ಆಳ್ವಿಕೆಯಲ್ಲಿ ಮರಣದಂಡನೆ! ಕತೆಯನ್ನು ಅಲ್ಲಿಯವರೆಗೆ ಎಳೆಯಲು ಸಾಧ್ಯವೇ ಯೋಚಿಸಿ, ಲಾಸೆಮ್ ಅಧ್ಯಾಯವನ್ನು ತಿದ್ದಿದ ಮೇಲೆ ಮೊದಲು ಅದನ್ನೇ ಕಳುಹಿಸಿ.

ಇತಿ ನಿಮ್ಮ ವಿಶ್ವಾಸಿ